ರಾಮೇಶ್ವರದ ದಾರಿಯಲ್ಲಿ ಒಂದು ಮೀನುಗಾರರ ಊರು

ಕಾಶಿ, ರಾಮೇಶ್ವರ ಎಂಬ ಎರಡು ಹೆಸರುಗಳನ್ನು ನಮ್ಮ ಹಿರಿಯರು ಬಿಡಿಬಿಡಿಯಾಗಿ ಉಚ್ಚರಿಸಿದ್ದು ಕಡಿಮೆ. ಅವೆರಡೂ ಸೇರಿಯೇ ಒಂದು ಯಾತ್ರೆ. ಸೇತುವಿನ ಮರಳನ್ನು ಕೊಂಡೊಯ್ದು ಪ್ರಯಾಗದ ಸಂಗಮದಲ್ಲಿ ವಿಸರ್ಜಿಸಿ, ಅಲ್ಲಿಂದ ಗಂಗೆಯನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿಸಿದ ಹೊರತು ಯಾತ್ರೆ ಪೂರ್ಣವಾಯಿತೆಂದು ಅವರು ಭಾವಿಸುತ್ತಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳಿಂದ ಮೊದಲುಗೊಂಡು ಆದವಾನಿ, ಮಡಕಶಿರಾ, ಹೊಸೂರು, ತಾಳವಾಡಿ, ಕಾಸರಗೋಡುಗಳವರೆಗೆ ನಮ್ಮ ಓದುಗರ ಎಷ್ಟೋ ಮನೆಗಳಲ್ಲಿ ಈ ಯಾತ್ರೆಯನ್ನು ಮುಗಿಸಿ ಬಂದ ಅಜ್ಜ ಅಜ್ಜಿಯರ ನೆನಪು ಇನ್ನೂ ಹಸಿರಾಗಿದೆ. ಇಪ್ಪತ್ತೆರಡು ತೀರ್ಥಗಳ ಸ್ನಾನ, ದೇವಾಲಯದ ನೀಳವಾದ ಪ್ರಾಕಾರ, ಅಗ್ನಿತೀರ್ಥದ ಮುಂಜಾವು, ಇವುಗಳ ವರ್ಣನೆಯನ್ನು ಕೇಳುತ್ತಲೇ ನಾವೂ ಬೆಳೆದವರು.

ಆ ವರ್ಣನೆಗಳಲ್ಲಿ ಸಮುದ್ರವು ತೀರ್ಥವಾಗಿ ಬರುತ್ತದೆ; ಅದೇ ಸಮುದ್ರವನ್ನು ಹೊಲವೆಂದು ನಂಬಿ ಬದುಕುವವರು ಮಾತ್ರ ಬರುವುದಿಲ್ಲ. ರೈಲು ಪಾಂಬನ್ ಸೇತುವೆಯನ್ನು ದಾಟುವಾಗ ಎಲ್ಲರೂ ಕಿಟಕಿಗೆ ಮುಖವಿಟ್ಟು ಕೈ ಮುಗಿಯುತ್ತಾರೆ. ಸೇತುವೆ ಮುಗಿದೊಡನೆ ಗಂಟುಮೂಟೆಗಳ ಚಿಂತೆ ಆರಂಭವಾಗುತ್ತದೆ. ಎಡಬಲದ ಊರುಗಳ ಕಡೆಗೆ ಯಾರ ಕಣ್ಣೂ ಹೋಗುವುದಿಲ್ಲ. ಈ ಸಲದ ಯಾತ್ರೆಯಲ್ಲಿ ನಾವು ಒಂದು ದಿನವನ್ನು ಅಂಥದೊಂದು ಊರಿಗಾಗಿಯೇ ಮೀಸಲಾಗಿಟ್ಟೆವು. ಅದರ ಹೆಸರು ಚಿನ್ನಪಾಲಂ. ಮನ್ನಾರ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದ ಹೊಸ್ತಿಲಲ್ಲಿರುವ ಈ ಪುಟ್ಟ ಊರಿನಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ದ್ವೀಪದ ಬಾಗಿಲು

ಮಧುರೆಯಿಂದ ರಾಮೇಶ್ವರಕ್ಕೆ ಸುಮಾರು ೧೭೦ ಕಿಲೋಮೀಟರ್ ದೂರ. ರಾಮನಾಥಪುರವನ್ನು ದಾಟಿದ ಮೇಲೆ ಭೂಮಿ ಕ್ರಮೇಣ ಕಿರಿದಾಗುತ್ತ, ಎರಡು ಕಡೆಯಿಂದಲೂ ಕಡಲು ಹತ್ತಿರವಾಗುತ್ತ, ಮಂಡಪಂ ಎಂಬಲ್ಲಿ ನೆಲವೇ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಎರಡು ಕಿಲೋಮೀಟರಿಗೂ ಮಿಕ್ಕ ನೀರು. ಅದರ ಆಚೆ ಪಾಂಬನ್ ದ್ವೀಪ.

ಈ ನೀರಿನ ಮೇಲೆ ೧೯೧೪ರ ಫೆಬ್ರವರಿಯಲ್ಲಿ ತೆರೆದ ಹಳೆಯ ರೈಲು ಸೇತುವೆ ನೂರೆಂಟು ವರ್ಷ ದುಡಿದು, ೨೦೨೨ರ ಡಿಸೆಂಬರಿನಲ್ಲಿ ವಿಶ್ರಾಂತಿ ಪಡೆಯಿತು. ಅದರ ಪಕ್ಕದಲ್ಲಿಯೇ ಕಟ್ಟಿದ ಹೊಸ ಸೇತುವೆಯ ಉದ್ಘಾಟನೆ ೨೦೨೫ರ ಏಪ್ರಿಲ್ ೬ರಂದು ಆಯಿತು. ಹಡಗು ಬಂದಾಗ ಹಳೆಯ ಸೇತುವೆಯ ಎರಡು ತೋಳುಗಳು ಕದಗಳಂತೆ ಮೇಲೆದ್ದು ದಾರಿ ಬಿಡುತ್ತಿದ್ದವು; ಹೊಸದರಲ್ಲಿ ೭೨.೫ ಮೀಟರ್ ಉದ್ದದ ಒಂದು ಇಡೀ ಭಾಗವೇ ನೆಟ್ಟಗೆ ಮೇಲಕ್ಕೆ ಏರುತ್ತದೆ. ರಸ್ತೆಯ ಸೇತುವೆ ತೆರೆದದ್ದು ೧೯೮೮ರಲ್ಲಿ. ಅದಕ್ಕೆ ಮುಂಚೆ ರೈಲನ್ನು ಬಿಟ್ಟರೆ ದೋಣಿಯೇ ಗತಿಯಾಗಿತ್ತು.

ಈ ಕಡಲಿಗೆ ಇನ್ನೊಂದು ಮುಖವೂ ಇದೆ. ೧೯೬೪ರ ಡಿಸೆಂಬರ್ ೨೨ರ ರಾತ್ರಿ ಎದ್ದ ಚಂಡಮಾರುತ ದ್ವೀಪದ ತುದಿಯಲ್ಲಿದ್ದ ಧನುಷ್ಕೋಟಿ ಪಟ್ಟಣವನ್ನು ಅಳಿಸಿಹಾಕಿತು. ಪಟ್ಟಣವನ್ನು ಸಮೀಪಿಸುತ್ತಿದ್ದ ರೈಲೊಂದು ಪ್ರಯಾಣಿಕರ ಸಮೇತ ನೀರುಪಾಲಾಯಿತು. ಪಾಂಬನ್ ಸೇತುವೆಯ ಬಹುಭಾಗ ಕೊಚ್ಚಿಹೋದಾಗ ಅದನ್ನು ೪೬ ದಿನಗಳಲ್ಲಿ ಮತ್ತೆ ನಿಲ್ಲಿಸಿದ ಎಂಜಿನಿಯರು ಇ. ಶ್ರೀಧರನ್. ನಮ್ಮ ಕಾಸರಗೋಡು, ಗೋವೆಗಳ ಓದುಗರಿಗೆ ಈ ಹೆಸರು ಕೊಂಕಣ ರೈಲ್ವೆಯ ಮೂಲಕ ಚಿರಪರಿಚಿತವಾದದ್ದು.

ದ್ವೀಪದ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಇಲ್ಲಿನ ಜನ ಉತ್ತರದ ಕಡಲನ್ನು ಹೆಣ್ಣುಕಡಲೆಂದೂ ದಕ್ಷಿಣದ ಕಡಲನ್ನು ಗಂಡುಕಡಲೆಂದೂ ಕರೆಯುತ್ತಾರೆ. ಚಿನ್ನಪಾಲಂ ಇರುವುದು ಗಂಡುಕಡಲಿನ ದಡದಲ್ಲಿ.

ಮರಳಿನ ಮೇಲಿನ ಊರು

ನಾವು ಹೋದದ್ದು ತೈ ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಅವರಾತ್ರಿ ಅಮಾವಾಸ್ಯೆಯೆಂದು ಕರೆಯುವ ಈ ದಿನ ಪಿತೃಕಾರ್ಯಕ್ಕಾಗಿ ರಾಮೇಶ್ವರದಲ್ಲಿ ಜನಸಾಗರವೇ ಸೇರುತ್ತದೆ. ಸೂರ್ಯ ಚಂದ್ರರು ಒಂದೇ ನೇರದಲ್ಲಿ ನಿಂತು ಎಳೆಯುವುದರಿಂದ ಅಂದು ಉಬ್ಬರ ಹೆಚ್ಚು, ಇಳಿತವೂ ಹೆಚ್ಚು. ಯಾತ್ರಿಕರನ್ನು ಅಗ್ನಿತೀರ್ಥಕ್ಕೆ ಕರೆತರುವ ಅದೇ ಅಮಾವಾಸ್ಯೆ ಚಿನ್ನಪಾಲಂನ ಹೆಂಗಸರನ್ನು ಕಡಲಿಗೆ ಕರೆದೊಯ್ಯುತ್ತದೆ. ಇಳಿತ ಹೆಚ್ಚಿದ್ದಾಗಲೇ ಅವರ ಕೊಯ್ಲಿಗೆ ಅನುಕೂಲ.

ನಮ್ಮ ತಂಡದಲ್ಲಿ ಹೊಸೂರಿನ ಕಡೆಯವರೊಬ್ಬರು ಇದ್ದುದರಿಂದ ಮಾತಿನ ತೊಡಕಿರಲಿಲ್ಲ. ಪಾಂಬನ್ನಿನಿಂದ ತೆಂಕಣ ದಿಕ್ಕಿಗೆ ಹೋಗುವ ರಸ್ತೆ ಬಹು ಬೇಗ ಮರಳಿನಲ್ಲಿ ಕರಗಿಹೋಯಿತು. ತಾಳೆಮರಗಳು, ಒಣಗಹಾಕಿದ ಬಲೆಗಳು, ಮಗ್ಗುಲಾಗಿ ಮಲಗಿಸಿದ ದೋಣಿಗಳು, ಸಣ್ಣ ಸಣ್ಣ ಮನೆಗಳು, ಕುಡಿಯುವ ನೀರಿಗಾಗಿ ಸಾಲಿಟ್ಟ ಪ್ಲಾಸ್ಟಿಕ್ ಕೊಡಗಳು. ಊರು ಎಂದರೆ ಇಷ್ಟೇ. ಸಮೀಪದಲ್ಲಿಯೇ ಕುಂದುಕಾಲ್ ಎಂಬ ದಡವಿದೆ. ಚಿಕಾಗೋದಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ೧೮೯೭ರ ಜನವರಿ ೨೬ರಂದು ಪಾಂಬನ್ನಿಗೆ ಬಂದಿಳಿದಾಗ ರಾಮನಾಡಿನ ರಾಜ ಭಾಸ್ಕರ ಸೇತುಪತಿ ಅವರನ್ನು ಎದುರುಗೊಂಡನು. ಅದರ ಸ್ಮಾರಕವೊಂದು ಕುಂದುಕಾಲಿನಲ್ಲಿ ನಿಂತಿದೆ.

ದಡದಿಂದ ನೋಡಿದರೆ ಕೈಚಾಚಿದಷ್ಟೇ ದೂರದಲ್ಲಿ ಹಸಿರಾಗಿ ಕಾಣುವುದು ಕುರುಸಡೈ ದ್ವೀಪ. ಜೀವಶಾಸ್ತ್ರಜ್ಞರ ಸ್ವರ್ಗವೆಂದು ಇದಕ್ಕೆ ಹೆಸರು. ಬೆನ್ನೆಲುಬುಳ್ಳ ಪ್ರಾಣಿಗಳಿಗೂ ಇಲ್ಲದವುಗಳಿಗೂ ನಡುವಿನ ಕೊಂಡಿಯೆಂದು ಕಾಲೇಜಿನ ಪುಸ್ತಕಗಳು ಹೇಳುವ ಬಲನೊಗ್ಲಾಸಸ್ ಎಂಬ ಹುಳುವನ್ನು ನೋಡಲು ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಿದ್ದರು. ಬ್ರಿಟಿಷರ ಕಾಲದಲ್ಲಿಯೇ ಮದರಾಸಿನ ಮೀನುಗಾರಿಕೆ ಇಲಾಖೆ ಅಲ್ಲೊಂದು ಸಂಶೋಧನಾ ಕೇಂದ್ರವನ್ನು ಇಟ್ಟಿತ್ತು. ಅನುಮತಿಯಿಲ್ಲದೆ ಈ ದ್ವೀಪಗಳ ಮೇಲೆ ಕಾಲಿಡುವಂತಿಲ್ಲವಾದ್ದರಿಂದ ನಾವು ದಡದಿಂದಲೇ ಕಣ್ತುಂಬಿಕೊಂಡೆವು.

ನೀರಿನೊಳಗಿನ ಕೊಯ್ಲು

ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಮರಳಿದವು. ಅವುಗಳಿಂದ ಇಳಿದವರಲ್ಲಿ ಹೆಚ್ಚಿನವರು ಹೆಂಗಸರು. ಸೀರೆಯ ಮೇಲೆ ಗಂಡಸರ ಅಂಗಿ, ಹಣೆಯ ಮೇಲಕ್ಕೆ ಸರಿಸಿದ ಈಜುಗನ್ನಡಕ, ಬೆರಳು ಬೆರಳಿಗೂ ಸುತ್ತಿದ ಬಟ್ಟೆಯ ಚೂರು, ಸೊಂಟಕ್ಕೆ ಕಟ್ಟಿದ ಬಲೆಯ ಚೀಲ, ಇದು ಅವರ ವೇಷ. ಚೀಲಗಳಿಂದ ಮರಳಿನ ಮೇಲೆ ಸುರಿದದ್ದು ಮೀನಲ್ಲ. ಕಂದು, ಕೆಂಪು, ಹಸಿರು ಬಣ್ಣಗಳ ಕಡಲ ಪಾಚಿ. ನಮ್ಮ ಪಾಚಿಯನ್ನೇ ಅವರು ‘ಪಾಸಿ’ ಎನ್ನುತ್ತಾರೆ.

ಪಾಸಿಯಲ್ಲಿ ಅವರು ಹಲವು ಜಾತಿಗಳನ್ನು ಗುರುತಿಸುತ್ತಾರೆ. ಒಂದರ ಹೆಸರು ಮರಿಕೊಳುಂದು. ತಮಿಳಿನ ಮರಿಕೊಳುಂದು ಎಂದರೆ ನಮ್ಮ ದವನ. ಎಳೆಗಳು ದವನದ ಕುಡಿಯನ್ನು ಹೋಲುವುದರಿಂದ ಆ ಹೆಸರು ಬಂದಿರಬೇಕು. ಇನ್ನೊಂದು ಕಂಜಿ ಪಾಸಿ, ಅಂದರೆ ಗಂಜಿಯ ಪಾಚಿ. ಮತ್ತೊಂದು ಕಟ್ಟಕ್ಕೋರೈ ಎಂಬ ಕಂದುಬಣ್ಣದ್ದು. ಮೊದಲ ಎರಡರಿಂದ ಅಗರ್ ಎಂಬ ಪದಾರ್ಥ ದೊರೆಯುತ್ತದೆ. ಕಂದುಪಾಚಿಯಿಂದ ದೊರೆಯುವ ಆಲ್ಜಿನೇಟ್ ಬಟ್ಟೆಗೆ ಬಣ್ಣದ ಅಚ್ಚೊತ್ತುವ ಕೆಲಸಕ್ಕೂ ಐಸ್‌ಕ್ರೀಮನ್ನು ಮಂದಗೊಳಿಸುವುದಕ್ಕೂ ಒದಗುತ್ತದೆ.

ಅಗರ್ ಎಂದರೇನೆಂದು ನಮ್ಮ ಜೊತೆಯಲ್ಲಿದ್ದ ಹಿರಿಯ ಗೃಹಿಣಿಯೊಬ್ಬರು ಕೇಳಿದರು. ಹೊಸೂರಿನವರು, “ಅಮ್ಮಾ, ನೀವು ಹಬ್ಬಕ್ಕೆ ಹಾಲು ಸಕ್ಕರೆ ಹಾಕಿ ಕಾಯಿಸಿ ತಟ್ಟೆಗೆ ಹೊಯ್ದು ಕತ್ತರಿಸುತ್ತೀರಲ್ಲ, ಆ ಚೈನಾ ಗ್ರಾಸೇ ಇದು” ಎಂದರು. ಆಕೆ ಮರಳಿನ ಮೇಲಿದ್ದ ಒದ್ದೆ ರಾಶಿಯನ್ನೂ ತಮ್ಮ ಕೈಯನ್ನೂ ಒಂದೆರಡು ಸಲ ನೋಡಿಕೊಂಡು, “ಹೆಸರು ನೋಡಿ, ಚೀನಾದಿಂದ ಬರುವ ಹುಲ್ಲೆಂದು ಇಷ್ಟು ವರ್ಷ ತಿಳಿದಿದ್ದೆನಲ್ಲ!” ಎಂದು ಬೆರಗಾದರು. ಪಾಚಿಯನ್ನು ತೊಳೆದು, ಬಿಸಿಲಿನಲ್ಲಿ ಬಿಳುಪಾಗಿಸಿ, ಬೇಯಿಸಿ ಸೋಸಿದರೆ ದೊರೆಯುವ ಲೋಳೆ ತಣಿದಾಗ ಗಟ್ಟಿಯಾಗುತ್ತದೆ. ಅದನ್ನು ಹೆಪ್ಪುಗಟ್ಟಿಸಿ, ಕರಗಿಸಿ, ನೀರನ್ನು ಬಸಿದು ಒಣಗಿಸಿದರೆ ಅಂಗಡಿಯ ಬಿಳಿಯ ಎಳೆಗಳಾಗುತ್ತವೆ. ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ರೋಗಾಣುಗಳನ್ನು ಬೆಳೆಸಿ ಪರೀಕ್ಷಿಸುವುದೂ ಈ ಅಗರಿನ ಮೇಲೆಯೇ.

ಕೊಯ್ಲು ಸುಲಭವಾದ ಕೆಲಸವಲ್ಲ. ಬೆಳಗಿನ ಜಾವಕ್ಕೆ ದೋಣಿಯೇರಿ ದ್ವೀಪಗಳ ಸುತ್ತಲ ಆಳವಿಲ್ಲದ ನೀರನ್ನು ಸೇರಬೇಕು. ಉಸಿರು ಬಿಗಿಹಿಡಿದು ಮುಳುಗಿ, ಕಲ್ಲಿಗೆ ಹತ್ತಿಕೊಂಡ ಪಾಚಿಯನ್ನು ಕೈಯಿಂದ ಕಿತ್ತು ಚೀಲಕ್ಕೆ ತುಂಬಿ ಮೇಲೇಳಬೇಕು, ಮತ್ತೆ ಮುಳುಗಬೇಕು. ಹೀಗೆ ಐದಾರು ಗಂಟೆ. ಉಸಿರಾಟಕ್ಕೆ ಯಾವ ಯಂತ್ರದ ಸಹಾಯವೂ ಇಲ್ಲ. ಹವಳದ ಅಂಚು ಬೆರಳನ್ನು ಸೀಳುತ್ತದೆ. ಅಂಬಲಿಮೀನು ತಗುಲಿದರೆ ಮೈಯೆಲ್ಲ ಉರಿ. ಉಪ್ಪುನೀರಿಗೆ ಕಣ್ಣು ಸದಾ ಕೆಂಪು. ಒಬ್ಬ ಅಕ್ಕ ನಮಗೆ ತಮ್ಮ ಅಂಗೈಯನ್ನು ತೋರಿಸಿದರು. ಅದರಲ್ಲಿ ರೇಖೆಗಳಿಗಿಂತ ಗಾಯದ ಗುರುತುಗಳೇ ಹೆಚ್ಚಾಗಿದ್ದವು. ತಾಯಿಯ ಜೊತೆಯಲ್ಲಿ ಚಿಕ್ಕಂದಿನಲ್ಲಿಯೇ ಇಳಿದು ಕಲಿತ ಕಸುಬೆಂದೂ, ನೆಲದ ಮೇಲೆ ತಮಗೆ ಒಂದು ಗೇಣು ಹೊಲವಿಲ್ಲವೆಂದೂ ಅವರು ಹೇಳಿದರು.

ಮೂರೂವರೆ ಮಾರಿನ ಗೆರೆ

ಈ ಹೆಂಗಸರ ಹೊಲದ ಮೇಲೆ ೧೯೮೬ರಲ್ಲಿ ಒಂದು ಗೆರೆ ಬಿದ್ದಿತು. ಮಂಡಪಂ ಸಮೀಪದಿಂದ ತೂತ್ತುಕುಡಿಯವರೆಗೆ ಹಾರದಂತೆ ಹಬ್ಬಿರುವ ೨೧ ದ್ವೀಪಗಳನ್ನೂ ಅವುಗಳ ಸುತ್ತಲ ಆಳವಿಲ್ಲದ ನೀರನ್ನೂ ಸೇರಿಸಿ, ಸುಮಾರು ೫೬೦ ಚದರ ಕಿಲೋಮೀಟರ್ ವಿಸ್ತಾರದ ಸಾಗರ ರಾಷ್ಟ್ರೀಯ ಉದ್ಯಾನವನ್ನು ತಮಿಳುನಾಡು ಸರ್ಕಾರ ಘೋಷಿಸಿತು. ೧೯೮೯ರಲ್ಲಿ ಇದನ್ನು ಒಳಗೊಂಡ ೧೦,೫೦೦ ಚದರ ಕಿಲೋಮೀಟರಿನ ಕಡಲು ಜೀವಗೋಲ ರಕ್ಷಿತ ಪ್ರದೇಶವಾಯಿತು. ೨೦೦೧ರಲ್ಲಿ ಯುನೆಸ್ಕೋ ಇದನ್ನು ತನ್ನ ಜಾಗತಿಕ ಪಟ್ಟಿಗೆ ಸೇರಿಸಿತು.

ಕಾಡಿನ ಉದ್ಯಾನಕ್ಕೆ ಕಲ್ಲು ನೆಟ್ಟು ಎಲ್ಲೆಯನ್ನು ಗುರುತಿಸಬಹುದು. ನೀರಿನ ಉದ್ಯಾನಕ್ಕೆ ಆಳವೇ ಎಲ್ಲೆ. ದ್ವೀಪಗಳಿಂದ ದಡದ ಕಡೆಗೆ ಮೂರೂವರೆ ಮಾರು ಆಳದವರೆಗೆ, ಕಡಲ ಕಡೆಗೆ ಐದು ಮಾರು ಆಳದವರೆಗೆ ಉದ್ಯಾನವೆಂದು ನಿರ್ಧಾರವಾಯಿತು. ಮಾರು ಎಂದರೆ ಆರು ಅಡಿ. ಅಂದರೆ ಇಪ್ಪತ್ತೊಂದು ಅಡಿ ಮತ್ತು ಮೂವತ್ತು ಅಡಿ. ಸೂರ್ಯನ ಬೆಳಕು ತಳಕ್ಕೆ ಚೆನ್ನಾಗಿ ಇಳಿಯುವುದು ಇಷ್ಟೇ ಆಳದಲ್ಲಿ. ಹವಳ ಬೆಳೆಯುವುದೂ ಇಲ್ಲಿಯೇ, ಪಾಚಿ ಬೆಳೆಯುವುದೂ ಇಲ್ಲಿಯೇ. ದೊಡ್ಡ ಯಂತ್ರದೋಣಿಯ ಮೀನುಗಾರನಿಗೆ ಈ ಗೆರೆಯಿಂದ ಆದ ನಷ್ಟ ಸ್ವಲ್ಪ. ಅವನಿಗೆ ಆಳದ ಕಡಲು ಉಂಟು. ಉಸಿರಿನ ಬಲದ ಮೇಲೆ ಮುಳುಗುವ ಹೆಂಗಸಿಗೆ ಗೆರೆಯ ಹೊರಗೆ ಕಡಲೇ ಇಲ್ಲ. ಅವಳ ಕೈಗೆ ಎಟುಕುವ ನೀರಷ್ಟೂ ಗೆರೆಯ ಒಳಗೆ ಸೇರಿಹೋಯಿತು.

ಘೋಷಣೆಯಾದ ಮೊದಲ ವರ್ಷಗಳಲ್ಲಿ ಇದರ ಬಿಸಿ ತಟ್ಟಲಿಲ್ಲ. ೨೦೦೦ದ ಆಸುಪಾಸಿನಿಂದ ಕಾವಲು ಬಿಗಿಯಾಯಿತು. ದೋಣಿ ತಡೆದದ್ದು, ಪಾಸಿಯನ್ನು ವಶಪಡಿಸಿಕೊಂಡದ್ದು, ದಂಡ ಹಾಕಿದ್ದು, ಇವೆಲ್ಲವನ್ನೂ ಅಲ್ಲಿನ ಹೆಂಗಸರು ನಮಗೆ ಒಂದೊಂದಾಗಿ ವಿವರಿಸಿದರು. ನಿನ್ನೆಯವರೆಗೆ ಕೂಲಿಯೆನಿಸಿದ್ದ ಕೆಲಸ ಇಂದು ಕಳವೆನಿಸಿದರೆ ಮನಸ್ಸಿಗೆ ಆಗುವ ನೋವನ್ನು ಊಹಿಸಬಹುದು.

ಮುಳುಗಿದ ಎರಡು ದ್ವೀಪಗಳು

ಹಾಗೆಂದು ಉದ್ಯಾನವೇ ಬೇಡವಾಗಿತ್ತೆಂದು ಹೇಳುವುದು ನ್ಯಾಯವಾಗದು. ಈ ಕೊಲ್ಲಿಯಲ್ಲಿ ೧೧೭ ಜಾತಿಯ ಹವಳಗಳನ್ನೂ ೩,೬೦೦ಕ್ಕೂ ಮಿಕ್ಕ ಜೀವಜಾತಿಗಳನ್ನೂ ವಿಜ್ಞಾನಿಗಳು ದಾಖಲಿಸಿದ್ದಾರೆ. ಕಡಲ ಹುಲ್ಲನ್ನು ಮೇಯುವ, ಕಡಲ ಹಸುವೆಂದೇ ಕರೆಯುವ ಸಾಧುಪ್ರಾಣಿಯೂ ಇಲ್ಲಿದೆ. ಒಂದು ಕಾಲದಲ್ಲಿ ಮಾಂಸಕ್ಕಾಗಿ ಅದನ್ನು ಕೊಲ್ಲುತ್ತಿದ್ದರು. ಈಗ ಅದು ಎಷ್ಟು ವಿರಳವಾಗಿದೆಯೆಂದರೆ, ೨೦೨೨ರಲ್ಲಿ ಪಾಕ್ ಕೊಲ್ಲಿಯ ೪೪೮ ಚದರ ಕಿಲೋಮೀಟರನ್ನು ಅದೊಂದಕ್ಕಾಗಿಯೇ ಕಾಯ್ದಿರಿಸಬೇಕಾಯಿತು.

ಇದಕ್ಕಿಂತ ಘೋರವಾದದ್ದು ಹವಳದ ಕಥೆ. ಸುಣ್ಣಕ್ಕಾಗಿ, ಕಟ್ಟಡದ ಕಲ್ಲಿಗಾಗಿ ಹವಳದ ದಿಬ್ಬಗಳನ್ನು ಹಾರೆಗಳಿಂದ ಮೀಟಿ, ದೋಣಿಗಟ್ಟಲೆ ಹಲವು ದಶಕಗಳ ಕಾಲ ಸಾಗಿಸಿದರು. ಹವಳದ ದಿಬ್ಬವೆಂದರೆ ದ್ವೀಪಕ್ಕೆ ಕೋಟೆಯ ಗೋಡೆ. ಅಲೆಯ ಹೊಡೆತವನ್ನು ತಾನು ತಿಂದು ಹಿಂದಿನ ಮರಳನ್ನು ಕಾಯುವಂಥದು. ಗೋಡೆ ಒಡೆದ ಮೇಲೆ ಮರಳು ನಿಲ್ಲಲಿಲ್ಲ. ಪೂವರಸನ್‌ಪಟ್ಟಿ, ವಿಲಾಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿಹೋದವು. ಉದ್ಯಾನದ ೨೧ ದ್ವೀಪಗಳೆಂದು ಲೆಕ್ಕ ಹೇಳುತ್ತೇವಾದರೂ ಕಣ್ಣಿಗೆ ಕಾಣುವಂಥವು ಹತ್ತೊಂಬತ್ತೇ. ೨೦೦೧ರಲ್ಲಿ ಹವಳಗಳಿಗೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಆನೆಗಳಿಗಿರುವಷ್ಟೇ ರಕ್ಷಣೆ ದೊರೆತ ಮೇಲೆ ಈ ಅಗೆತ ಕ್ರಮೇಣ ನಿಂತಿತು.

ಪಾಚಿ ಕೀಳುವವರಿಂದ ಏನೂ ಹಾನಿಯಿಲ್ಲವೆಂದು ವಿಜ್ಞಾನಿಗಳು ಹೇಳುವುದಿಲ್ಲ. ಕಾಲ್ತುಳಿತಕ್ಕೆ ಎಳೆಯ ಹವಳ ಮುರಿಯುತ್ತದೆ. ದೋಣಿಯ ಲಂಗರು ದಿಬ್ಬವನ್ನು ಗೀರುತ್ತದೆ. ಬೇರುಸಹಿತ ಕಿತ್ತರೆ ಪಾಚಿ ಮತ್ತೆ ಚಿಗುರುವುದಿಲ್ಲ. ಈ ಮಾತಿನಲ್ಲಿ ಸತ್ಯವಿದೆ. ಆದರೆ ದ್ವೀಪ ಮುಳುಗಿಸಿದ ಹಾರೆಯನ್ನೂ ಪಾಚಿ ಬಿಡಿಸುವ ಬೆರಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಎಷ್ಟು ಸರಿ? ೧೯೯೮, ೨೦೧೦, ೨೦೧೬ರ ಬೇಸಿಗೆಗಳಲ್ಲಿ ಕಡಲ ನೀರೇ ಮಿತಿಮೀರಿ ಕಾದು ಹವಳಗಳು ಬಿಳಿಚಿಕೊಂಡವು. ಲೋಕವೆಲ್ಲ ಸುಟ್ಟ ಎಣ್ಣೆ ಕಲ್ಲಿದ್ದಲುಗಳ ಫಲವಾದ ಆ ತಾಪದಲ್ಲಿ ಚಿನ್ನಪಾಲಂನ ಪಾಲು ಎಷ್ಟಿದ್ದೀತು?

ತಾವೇ ಹಾಕಿಕೊಂಡ ಕಟ್ಟಳೆ

ನಮ್ಮನ್ನು ಹೆಚ್ಚು ವಿಚಾರಕ್ಕೆ ಹಚ್ಚಿದ್ದು ಈ ಹೆಂಗಸರು ತಮ್ಮ ಸಂಕಟಕ್ಕೆ ಕಂಡುಕೊಂಡ ದಾರಿ. ಅವರು ಸಂಘ ಕಟ್ಟಿದರು; ಅಧಿಕಾರಿಗಳೆದುರು ಅಹವಾಲು ಹೇಳಿಕೊಂಡರು. ಅದರ ಜೊತೆಗೆ ತಮಗೆ ತಾವೇ ನಿಯಮಗಳನ್ನು ಹಾಕಿಕೊಂಡರು. ತಿಂಗಳಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನ ಹನ್ನೆರಡು ದಿನ ಮಾತ್ರ ಕೊಯ್ಲು. ಮಿಕ್ಕ ದಿನ ಪಾಚಿ ಬೆಳೆಯಲು ಬಿಡುವುದು. ಕಬ್ಬಿಣದ ಹೆರೆಯುವ ಸಲಕರಣೆಗಳನ್ನು ಕೈಬಿಟ್ಟು ಬೆರಳಿನಿಂದ ಮಾತ್ರ ಬಿಡಿಸುವುದು. ಏಪ್ರಿಲಿನಿಂದ ಜೂನಿನ ನಡುವೆ, ಹವಳ ಪಾಚಿಗಳು ವೃದ್ಧಿಯಾಗುವ ಕಾಲದಲ್ಲಿ, ನಲವತ್ತೈದು ದಿನ ಕಡಲಿಗೆ ಇಳಿಯದಿರುವುದು.

ಇದರ ಬೆಲೆ ಎಷ್ಟೆಂಬುದನ್ನು ನಾವು ಲೆಕ್ಕ ಹಾಕಿ ನೋಡಬೇಕು. ದಿನಗೂಲಿಯ ಮೇಲೆ ಒಲೆ ಉರಿಯುವ ಮನೆಯವರು ತಿಂಗಳಿಗೆ ಹದಿನೆಂಟು ದಿನದ ಸಂಪಾದನೆಯನ್ನು ತಾವಾಗಿ ಬಿಡುವುದು ಸಣ್ಣ ಮಾತಲ್ಲ. ಬಲಾತ್ಕಾರಕ್ಕೆ ಒಪ್ಪಿದ್ದಾದರೆ ಕಾವಲಿನವನು ಕಣ್ಮರೆಯಾದೊಡನೆ ನಿಯಮ ಮುರಿದುಬಿಡುತ್ತದೆ. ತಾವೇ ಮಾಡಿಕೊಂಡ ಕಟ್ಟಳೆಗೆ ಊರಿನ ಅಕ್ಕತಂಗಿಯರೇ ಕಾವಲು. ಯಾರ ದೋಣಿ ಯಾವ ದಿನ ನೀರಿಗಿಳಿಯಿತೆಂಬುದು ಇಂಥ ಊರಿನಲ್ಲಿ ಮುಚ್ಚಿಡಲಾಗುವುದೇ?

ಈ ಚಳವಳಿಯಲ್ಲಿ ಮುಂದಾಳಾಗಿದ್ದವರು ಇದೇ ಚಿನ್ನಪಾಲಂನ ಲಕ್ಷ್ಮೀ ಮೂರ್ತಿ. ಬಾಲ್ಯದಿಂದಲೇ ಪಾಚಿ ಕಿತ್ತು ಬದುಕಿದ ಈಕೆಗೆ ದ್ವೀಪಗಳ ಪರಿಸರ ರಕ್ಷಣೆಗಾಗಿ ದುಡಿಯುವ ಅಮೆರಿಕದ ಸೀಕಾಲಜಿ ಸಂಸ್ಥೆ ೨೦೧೫ರಲ್ಲಿ ತನ್ನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಉದ್ಯಾನದ ಗೆರೆ ದಾಟುವವರೆಂದು ಎಣಿಸಲ್ಪಟ್ಟವರಲ್ಲಿ ಒಬ್ಬರಿಗೆ, ಆ ಉದ್ಯಾನವನ್ನು ಕಾಪಾಡಿದ್ದಕ್ಕಾಗಿಯೇ ಪ್ರಶಸ್ತಿ ಬಂದಿತೆಂಬುದು ಗಮನಿಸತಕ್ಕ ಸಂಗತಿ.

ತೇಲುವ ಹೊಲಗಳು

ದ್ವೀಪಗಳ ಸುತ್ತಿನ ಪಾಚಿಯನ್ನು ಬಿಟ್ಟು ಬೇರೆ ಜೀವನೋಪಾಯ ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರವೆಂಬಂತೆ ಪಾಕ್ ಕೊಲ್ಲಿಯ ಕಡೆ ೨೦೦೦ದ ನಂತರ ಪಾಚಿಯ ಬೇಸಾಯ ಆರಂಭವಾಯಿತು. ಬಿದಿರಿನ ಚೌಕಟ್ಟು ಕಟ್ಟಿ, ಅಡ್ಡಕ್ಕೆ ಹಗ್ಗಗಳನ್ನು ಎಳೆದು, ಹಗ್ಗಕ್ಕೆ ಪಾಚಿಯ ತುಂಡುಗಳನ್ನು ಪೋಣಿಸಿ ನೀರಿನಲ್ಲಿ ತೇಲಿಬಿಟ್ಟರೆ ನಲವತ್ತೈದು ದಿನಗಳಲ್ಲಿ ಬೆಳೆ ಮೂರು ನಾಲ್ಕ್ಮಡಿಯಾಗುತ್ತದೆ. ಮುಳುಗುವ ಕಷ್ಟವಿಲ್ಲ, ಗೆರೆ ದಾಟುವ ಭಯವಿಲ್ಲ. ಎಷ್ಟೋ ಸಂಸಾರಗಳಿಗೆ ಇದರಿಂದ ಆಸರೆಯಾಯಿತು.

ಆದರೆ ಬೇಸಾಯಕ್ಕೆ ಆರಿಸಿದ ಕಪ್ಪಾಫೈಕಸ್ ಎಂಬ ಜಾತಿ ಈ ಕಡಲಿನದಲ್ಲ, ಹೊರದೇಶದಿಂದ ತಂದದ್ದು. ೨೦೦೮ರಲ್ಲಿ ಅದು ಕುರುಸಡೈ ದ್ವೀಪದ ಹವಳಗಳ ಮೇಲೆ ಹೊದಿಕೆಯಂತೆ ಹಬ್ಬಿ, ಅವುಗಳ ಉಸಿರು ಕಟ್ಟಿಸುತ್ತಿರುವುದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿತು. ಹಳ್ಳಿಯ ಹೆಂಗಸರು ದೇಶೀಯ ಪಾಚಿಯನ್ನು ಕೈಯಿಂದ ಬಿಡಿಸುವುದಕ್ಕೆ ತಡೆಯಿದ್ದ ನೀರಿನೊಳಕ್ಕೆ ಪರದೇಶದ ಪಾಚಿ ಯಾರ ಅಪ್ಪಣೆಯನ್ನೂ ಕೇಳದೆ ನುಗ್ಗಿತ್ತು. ಅಂದಿನಿಂದ ಅದನ್ನು ಕಿತ್ತುಹಾಕುವ ಕೆಲಸ ಮತ್ತೆ ಮತ್ತೆ ನಡೆದಿದೆ. ೨೦೨೩ರಲ್ಲಿ ರಾಮನಾಥಪುರ ಜಿಲ್ಲೆಯ ವಲಮಾವೂರಿನಲ್ಲಿ ಕಡಲ ಪಾಚಿಯ ದೊಡ್ಡ ಯೋಜನೆಯೊಂದಕ್ಕೆ ಅಡಿಗಲ್ಲು ಬಿದ್ದಿದೆ. ಅದು ಫಲ ಕೊಡಬೇಕಾದರೆ ದೇಶೀಯ ಜಾತಿಗಳ ಕಡೆಗೂ, ಅವುಗಳ ಗುಣಾವಗುಣಗಳನ್ನು ಬಲ್ಲ ಈ ಹೆಂಗಸರ ಕಡೆಗೂ ಯೋಜಕರ ಗಮನ ಹೋಗಬೇಕು.

ಸಂಜೆ ಪಾಂಬನ್ನಿನ ಚಹದ ಅಂಗಡಿಯಲ್ಲಿ ಕುಳಿತಿದ್ದಾಗ ರೇಡಿಯೋದಿಂದ ಗಾಳಿಯ ವೇಗ, ಅಲೆಯ ಎತ್ತರಗಳ ವರದಿ ಕೇಳಿಬಂದಿತು. ಅದು ‘ಕಡಲ್ ಓಸೈ’, ಅಂದರೆ ಕಡಲ ದನಿ. ೨೦೧೬ರಿಂದ ಪಾಂಬನ್ನಿನಲ್ಲಿ ಮೀನುಗಾರರಿಗಾಗಿ ನಡೆಯುತ್ತಿರುವ ಸಮುದಾಯ ಬಾನುಲಿ. ಹವಾಮಾನದ ಜೊತೆಗೆ ಕಡಲ ಜೀವಿಗಳನ್ನು ಉಳಿಸಿಕೊಳ್ಳುವ ವಿಚಾರವೂ ಅಲ್ಲಿ ಊರವರ ಮಾತಿನಲ್ಲಿಯೇ ಪ್ರಸಾರವಾಗುತ್ತದೆ. ಚಿನ್ನಪಾಲಂನಲ್ಲಿ ಕಂಡ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತಿದೆಯೆಂದು ನಮಗನಿಸಿತು.

ಹೋಗುವವರಿಗೆ ಎರಡು ಮಾತು

ರಾಮೇಶ್ವರಕ್ಕೆ ಹೋಗುವ ನಮ್ಮ ಓದುಗರು ಪಾಂಬನ್ನಿಗಾಗಿ ಅರ್ಧ ದಿನವನ್ನಾದರೂ ಇಟ್ಟುಕೊಳ್ಳಲಿ. ಪಾಂಬನ್ನಿನಿಂದ ಕುಂದುಕಾಲಿಗೆ ಆಟೋ ದೊರೆಯುತ್ತದೆ. ಈಶಾನ್ಯ ಮಾರುತದ ಮಳೆ ಕಳೆದ ಜನವರಿ, ಫೆಬ್ರವರಿಗಳಲ್ಲಿ ಹವೆ ಹಿತವಾಗಿರುತ್ತದೆ. ದ್ವೀಪಗಳನ್ನು ನೋಡುವ ಆಸೆಯಿದ್ದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸುವುದು ಉಚಿತ. ಯಾರಾದರೂ ಹವಳದ ತುಂಡನ್ನು ತೋರಿಸಿ ಕೊಳ್ಳಿರೆಂದರೆ ಕೊಳ್ಳಬಾರದು. ಅದು ಕಾನೂನಿಗೆ ವಿರುದ್ಧ, ಮುಳುಗಿದ ದ್ವೀಪಗಳ ಕಥೆ ಕೇಳಿದವರ ಮನಸ್ಸಿಗೂ ವಿರುದ್ಧ. ತೀರ್ಥಸ್ನಾನ ಮುಗಿಸಿ ಹಳೆಯ ಬಟ್ಟೆಯನ್ನು, ಪೂಜೆಯ ಪ್ಲಾಸ್ಟಿಕ್ ಚೀಲವನ್ನು ನೀರಿಗೆ ಬಿಡುವ ಅಭ್ಯಾಸವನ್ನೂ ನಾವು ಕೈಬಿಡಬೇಕು. ನಮಗೆ ತೀರ್ಥವಾದ ನೀರು ಇನ್ನೊಬ್ಬರಿಗೆ ಹೊಲವೆಂಬುದನ್ನು ಮರೆಯಲಾಗದು.

ಹೊರಡುವ ಮುನ್ನ ನಾವು ಆ ಅಕ್ಕನನ್ನು, ನಿಮ್ಮ ಮಗಳೂ ಈ ಕೆಲಸ ಕಲಿಯುತ್ತಿದ್ದಾಳೆಯೇ ಎಂದು ಕೇಳಿದೆವು. ಮಗಳು ಕಾಲೇಜಿಗೆ ಹೋಗುತ್ತಾಳೆಂದೂ, ಕಡಲಿಗೆ ಇಳಿಸುವ ಮನಸ್ಸು ತಮಗಿಲ್ಲವೆಂದೂ ಅವರು ಹೇಳಿದರು. ಯಾವ ತಾಯಿಯಾದರೂ ಹೇಳುವ ಮಾತೇ ಅದು. ಅದರಲ್ಲಿ ತಪ್ಪೇನೂ ಇಲ್ಲ. ಯಾವ ಕಲ್ಲಿನ ಮೇಲೆ ಯಾವ ಪಾಚಿ ಯಾವ ತಿಂಗಳಲ್ಲಿ ಚಿಗುರುತ್ತದೆ, ಹವಳ ಎಲ್ಲಿ ಬಿಳಿಚಿದೆ, ಎಲ್ಲಿ ಮತ್ತೆ ಬಣ್ಣ ಕಟ್ಟುತ್ತಿದೆ ಎಂಬುದನ್ನು ದಿನವೂ ಮುಳುಗಿ ನೋಡುವ ಕಣ್ಣುಗಳು ಮಾತ್ರ ಒಂದು ತಲೆಮಾರಿನೊಳಗೆ ಅಲ್ಲಿಂದ ಮರೆಯಾಗಲಿವೆ. ಉದ್ಯಾನವನ್ನು ಕಾಯುವವರು ಆ ತಿಳಿವಳಿಕೆಯನ್ನು ಈಗಲೇ ಕೇಳಿ ಬರೆದಿಟ್ಟುಕೊಂಡು, ಅದರ ಒಡತಿಯರನ್ನು ಜೊತೆಗಾರರೆಂದು ಕರೆದುಕೊಂಡರೆ ಕಡಲಿಗೂ ಒಳಿತು, ಊರಿಗೂ ಒಳಿತು. ಅಲ್ಲಿಯವರೆಗೆ, ಹಬ್ಬದ ದಿನ ತಟ್ಟೆಯಲ್ಲಿ ಚೈನಾ ಗ್ರಾಸಿನ ಬಿಳಿಯ ತುಂಡುಗಳನ್ನು ಕತ್ತರಿಸುವಾಗ, ಅದನ್ನು ಕಲ್ಲಿನಿಂದ ಬಿಡಿಸಿ ತಂದ ಕೈಗಳ ಕಥೆಯನ್ನು ನಮ್ಮ ಮನೆಯ ಮಕ್ಕಳಿಗೆ ಹೇಳುವುದು ನಮ್ಮಿಂದ ಆಗಬಹುದಾದ ಕೆಲಸ.